ಇದೆ ಎಂಬುದು ಬೇರೆ, ಒಂದೇ ಎಂಬುದು ಬೇರೆ

ಒಂದು ವಸ್ತು ಇದೆ ಎಂದು ತಿಳಿಯುವುದು, ಅದು ಒಂದೇ ಎಂದು ತಿಳಿಯುವುದು, ಅದರ ಸ್ವರೂಪ ಇಂಥದ್ದು ಎಂದು ತಿಳಿಯುವುದು ಮೂರು ಬೇರೆ ಬೇರೆ ಜ್ಞಾನಗಳು. ದೇವರ ಅಸ್ತಿತ್ವದ ಬಗೆಗಿನ ಎಷ್ಟೋ ವಾದಗಳು ಮೊದಲನೆಯದನ್ನು ಸಾಧಿಸಲು ಹೊರಟು, ಉಳಿದೆರಡೂ ಅದರ ಜೊತೆಗೇ ಸಿಕ್ಕಿಬಿಟ್ಟವೆಂಬಂತೆ ಮುಗಿಯುತ್ತವೆ. ಜಗತ್ತಿಗೆ ಕಾರಣವೊಂದು ಇರಲೇಬೇಕು ಎಂದು ಶುರುವಾದ ತರ್ಕ, ಆ ಕಾರಣ ಏಕ, ಸರ್ವಜ್ಞ, ಕರುಣಾಮಯಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಮೂರನ್ನೂ ಬೆರೆಸದೆ ಇಟ್ಟುಕೊಳ್ಳುವ ಶಿಸ್ತಿಗೆ ಫ್ರೆಂಚ್ ಗಣಿತಜ್ಞ ಝಾನ್ ಲೆರೆ (1906–1998) ಅವರ ಕೆಲಸಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ.

ನೀರಿನಂಥ ಸ್ನಿಗ್ಧ ದ್ರವ ಹೇಗೆ ಚಲಿಸುತ್ತದೆಂದು ಹೇಳುವ ನೇವಿಯರ್–ಸ್ಟೋಕ್ಸ್ ಸಮೀಕರಣಗಳು 19ನೆಯ ಶತಮಾನದವು. ಅವು ಅರೇಖೀಯ ಆಂಶಿಕ ಅವಕಲ ಸಮೀಕರಣಗಳು: ದ್ರವದ ವೇಗ ತನ್ನನ್ನು ತಾನೇ ಹೊತ್ತೊಯ್ಯುವುದರಿಂದ, ಎರಡು ಉತ್ತರಗಳನ್ನು ಕೂಡಿಸಿದರೆ ಮೂರನೆಯದು ದೊರೆಯುವುದಿಲ್ಲ. 1934ರಲ್ಲಿ ಲೆರೆ, ಆರಂಭದ ಶಕ್ತಿ ಸೀಮಿತವಾಗಿದ್ದರೆ ಮೂರು ಆಯಾಮಗಳಲ್ಲೂ ಎಲ್ಲ ಕಾಲಕ್ಕೂ ಉತ್ತರವೊಂದಿದೆ ಎಂದು ಸಾಧಿಸಿದರು. ಅದಕ್ಕಾಗಿ ಉತ್ತರ ಎಂದರೇನು ಎಂಬುದನ್ನೇ ಸಡಿಲಿಸಿದರು. ಸಮೀಕರಣ ಪ್ರತಿ ಬಿಂದುವಿನಲ್ಲೂ ನಿಜವಾಗಬೇಕಿಲ್ಲ, ನಯವಾದ ಫಲನಗಳೊಡನೆ ಗುಣಿಸಿ ಒಟ್ಟು ಮೊತ್ತ ತೆಗೆದಾಗ ಸರಿಹೊಂದಿದರೆ ಸಾಕು. ಸಮೀಕರಣವನ್ನು ಸ್ವಲ್ಪ ಮೃದುಗೊಳಿಸಿ ಅಂದಾಜು ಉತ್ತರಗಳ ಸಾಲೊಂದನ್ನು ಪಡೆದರು. ಶಕ್ತಿಯ ಮಿತಿ ಆ ಸಾಲನ್ನು ಹಿಡಿತದಲ್ಲಿಡುವುದರಿಂದ, ಅದರೊಳಗಿನ ಒಂದು ಉಪಸಾಲು ಎಲ್ಲಿಯೋ ಹೋಗಿ ಸೇರಲೇಬೇಕು. ಯಾವ ಉಪಸಾಲು ಎಂದು ಸಾಧನೆ ಹೇಳುವುದಿಲ್ಲ. ಉತ್ತರ ಒಂದೇ ಎಂದೂ ಹೇಳುವುದಿಲ್ಲ, ಅದು ಸದಾ ನಯವಾಗಿರುತ್ತದೆಂದೂ ಹೇಳುವುದಿಲ್ಲ. ಲೆರೆ ಆ ಉತ್ತರಗಳನ್ನು ಪ್ರಕ್ಷುಬ್ಧ ಉತ್ತರಗಳೆಂದು ಕರೆದರು, ಸಾಧಿಸದ್ದನ್ನು ಸಾಧಿಸಿದೆನೆನ್ನಲಿಲ್ಲ.

ಕಟ್ಟಿ ತೋರಿಸದ ವಸ್ತುವನ್ನು ಇದೆ ಎನ್ನುವುದು ಬರಿಯ ಮಾತು ಎಂಬ ಆಕ್ಷೇಪವಿದೆ. ಡಚ್ ಗಣಿತಜ್ಞ ಬ್ರೌವರ್ ಈ ನಿಲುವಿಗೆ ತಾತ್ವಿಕ ಬಲ ತಂದವರು. ಆಕ್ಷೇಪ ಗಂಭೀರವಾದದ್ದೇ. ಆದರೆ ಲೆರೆಯ ‘ಇದೆ’ ಬರಿಗೈಯಲ್ಲಿ ಬರಲಿಲ್ಲ. ಉತ್ತರದ ಶಕ್ತಿ ಆರಂಭದ ಶಕ್ತಿಯನ್ನು ಮೀರದು, ಅದು ಕೆಡಬಹುದಾದ ಕ್ಷಣಗಳೆಲ್ಲ ಸೇರಿದರೂ ಅವುಗಳ ಅಳತೆ ಸೊನ್ನೆ, ಸಾಕಷ್ಟು ಕಾಲ ಕಳೆದ ಮೇಲೆ ಅದು ನಯವಾಗಿಯೇ ಇರುತ್ತದೆ ಎಂಬುದನ್ನೆಲ್ಲ ಅವರೇ ತೋರಿಸಿದ್ದರು. 1982ರಲ್ಲಿ ಕಫರೆಲ್ಲಿ, ಕೋನ್ ಮತ್ತು ನೀರೆನ್‌ಬರ್ಗ್, ಯೋಗ್ಯವಾಗಿ ಆರಿಸಿದ ಇಂಥ ಉತ್ತರಗಳಲ್ಲಿ ಕೆಡುವ ಬಿಂದುಗಳು ದೇಶಕಾಲದಲ್ಲಿ ಒಂದು ವಕ್ರರೇಖೆಯನ್ನೂ ತುಂಬಲಾರವು ಎಂದರು. ಕಣ್ಣಿಗೆ ಬೀಳದ ವಸ್ತುವಿನ ಬಗ್ಗೆ ಇಷ್ಟು ಖಚಿತವಾಗಿ ಮಾತನಾಡಬಹುದಾದರೆ ಅದನ್ನು ಜ್ಞಾನವಲ್ಲ ಎನ್ನುವುದು ಕಷ್ಟ. ವ್ಯಾಖ್ಯೆಯನ್ನು ಸಡಿಲಿಸಿದ್ದು ಸುಲಭದ ದಾರಿಯಲ್ಲವೇ ಎಂದೂ ಕೇಳಬಹುದು. ಅದಕ್ಕೂ ಲೆರೆಯಲ್ಲೇ ಉತ್ತರವಿದೆ: ಹಳೆಯ ಅರ್ಥದ ನಯವಾದ ಉತ್ತರ ಇರುವಷ್ಟು ಕಾಲ, ಹೊಸ ಅರ್ಥದ ಉತ್ತರ ಅದೇ ಆಗಿರುತ್ತದೆ.

ಗಣಿತದ ಫಲನವೆಲ್ಲಿ, ದೇವರೆಲ್ಲಿ ಎನ್ನುವವರಿಗೆ ನಾನು ಹೇಳುವುದಿಷ್ಟು. ದೇವರನ್ನು ಸಮೀಕರಣದಿಂದ ಸಾಧಿಸಲೂ ಅಲ್ಲಗಳೆಯಲೂ ನಾನು ಹೊರಟಿಲ್ಲ. ನನ್ನ ಮಾತು ಅನುಮಾನದ ರಚನೆಗೆ ಸಂಬಂಧಿಸಿದ್ದು, ಆ ರಚನೆ ಎರಡೂ ಕಡೆ ಒಂದೇ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಇದನ್ನು ಶ್ರೀಭಾಷ್ಯದಲ್ಲಿ ಎತ್ತಿದ್ದಾರೆ. ಜಗತ್ತು ಕಾರ್ಯ, ಆದ್ದರಿಂದ ಅದಕ್ಕೆ ಕರ್ತೃವಿದ್ದಾನೆ ಎಂಬ ಅನುಮಾನವನ್ನು ಒಪ್ಪಿದರೂ, ಕರ್ತೃ ಒಬ್ಬನೇ ಎಂದಾಗಲಿ ಎಲ್ಲವೂ ಒಮ್ಮೆಗೇ ಆಯಿತೆಂದಾಗಲಿ ಅದರಿಂದ ಬಾರದು ಎಂದು ಅವರು ವಾದಿಸಿದರು. ಏಕತ್ವಕ್ಕೆ ಬೇರೆ ಪ್ರಮಾಣ ಬೇಕಿತ್ತು, ಅವರು ಶಾಸ್ತ್ರದ ಕಡೆ ತಿರುಗಿದರು. ಭಕ್ತಿಗೆ ಅಷ್ಟು ಗಟ್ಟಿ ನೆಲೆ ಕಟ್ಟಿದ ಆಚಾರ್ಯರು ತಮ್ಮ ಪಕ್ಷಕ್ಕೆ ಅನುಕೂಲವಾಗಬಹುದಾಗಿದ್ದ ತರ್ಕವನ್ನೇ ಹೀಗೆ ತಡೆದು ನಿಲ್ಲಿಸಿದ್ದು ನನ್ನಲ್ಲಿ ಆಳವಾದ ಗೌರವ ಹುಟ್ಟಿಸುತ್ತದೆ.

ಅಸ್ತಿತ್ವ ಗೊತ್ತಾದ ಮೇಲೆ ಏಕತ್ವ ತಾನಾಗಿ ಬರುತ್ತದೆ, ಸ್ವಲ್ಪ ಕಾಯಬೇಕಷ್ಟೇ ಎಂಬ ನಂಬಿಕೆಯೂ ಉಳಿಯುವಂತಿಲ್ಲ. ಎರಡು ಆಯಾಮಗಳ ದ್ರವದಲ್ಲಿ ಉತ್ತರ ಒಂದೇ ಎಂದು ಸಾಧಿತವಾಗಿದೆ, ಆದರೆ ಅದಕ್ಕೆ ಬೇರೆಯದೇ ಅಂದಾಜುಗಳು ಬೇಕಾದವು. ಮೂರು ಆಯಾಮಗಳಲ್ಲಿ, ಹೊರಗಿನ ಬಲವೊಂದನ್ನು ತಕ್ಕಂತೆ ಆರಿಸಿಕೊಂಡರೆ, ಒಂದೇ ಸ್ಥಿತಿಯಿಂದ ಹೊರಟು ಬೇರೆ ಬೇರೆಯಾಗಿ ಸಾಗುವ ಎರಡು ಲೆರೆ ಉತ್ತರಗಳಿರುತ್ತವೆ ಎಂದು 2022ರಲ್ಲಿ ಆಲ್ಬ್ರಿಟನ್, ಬ್ರುಯೆ ಮತ್ತು ಕೊಲೊಂಬೊ ಪ್ರಕಟಿಸಿದರು. ಅಸ್ತಿತ್ವದ ಸಾಧನೆಗೆ ಅದರಿಂದ ಕಿಂಚಿತ್ತೂ ಊನವಾಗಲಿಲ್ಲ.