ಅಸ್ಥಿ, ಸಂಹನನ ಮತ್ತು ಉಪವಾಸ

‘ಅಸ್ಥಿ’ ಎಂಬ ಸಂಸ್ಕೃತ ಶಬ್ದಕ್ಕೆ ಕನ್ನಡದಲ್ಲಿ ಎಲುಬು, ಮೂಳೆ ಎಂಬ ಅರ್ಥಗಳು ಪ್ರಸಿದ್ಧವಾಗಿವೆ. ಹಣ್ಣಿನೊಳಗಣ ಗಟ್ಟಿಯಾದ ವಾಟೆಗೂ ಅದೇ ಹೆಸರುಂಟು. ಶ್ವೇತಾಂಬರ ಆಗಮವಾದ ಪ್ರಜ್ಞಾಪನಾಸೂತ್ರದಲ್ಲಿ ಮಾವು, ನೇರಳೆ, ಬೇವು ಮುಂತಾದ ವೃಕ್ಷಗಳು ‘ಏಕಾಸ್ಥಿಕ’ಗಳೆಂದು ಪರಿಗಣಿತವಾಗಿವೆ. ಈ ಅರ್ಥಭೇದವನ್ನು ಅಲ್ಪವೆಂದು ತಿಳಿಯಲಾಗದು. 1884ರಲ್ಲಿ ಹರ್ಮನ್ ಯಾಕೋಬಿಯವರು ಆಚಾರಾಂಗವನ್ನು ಇಂಗ್ಲಿಷಿಗೆ ಅನುವಾದಿಸಿದಾಗ, ಭಿಕ್ಷೆಯ ಪ್ರಕರಣದಲ್ಲಿ ಬರುವ ಈ ಶಬ್ದಕ್ಕೆ ಎಲುಬೆಂದೇ ಅರ್ಥಮಾಡಿದ್ದು ಜೈನ ಸಮಾಜದಲ್ಲಿ ತೀವ್ರ ವಿವಾದಕ್ಕೆ ಕಾರಣವಾಯಿತು. ಆಹಾರದಲ್ಲಿ ಎಲುಬು ಕಂಡುಬಂದರೆ ಅಂತರಾಯವೆಂದು ಭೋಜನವನ್ನೇ ತ್ಯಜಿಸುವ ಮುನಿಗಳ ವಿಷಯದಲ್ಲಿ ಅಂತಹ ಅರ್ಥವು ಹೇಗೆ ಹೊಂದೀತು?

ಗರ್ಭಸ್ಥ ಶಿಶುವಿನ ಎಲುಬುಗಳಲ್ಲಿ ಬಹುಪಾಲು ಮೊದಲು ಮೃದ್ವಸ್ಥಿಯಾಗಿದ್ದು, ಕ್ರಮೇಣ ಕ್ಯಾಲ್ಸಿಯಂ ಮತ್ತು ರಂಜಕಗಳ ಲವಣಗಳು ಸೇರಿ ಗಟ್ಟಿಯಾಗುತ್ತವೆ. ಹುಟ್ಟುವಾಗ ಸುಮಾರು 300ರಷ್ಟಿದ್ದ ಭಾಗಗಳು ಕೂಡಿಕೊಂಡು ವಯಸ್ಕರಲ್ಲಿ 206 ಎಲುಬುಗಳಾಗುತ್ತವೆ. ಅನಂತರವೂ ಎಲುಬು ಕಲ್ಲಿನಂತೆ ಸುಮ್ಮನಿರುವುದಿಲ್ಲ. ಹಳೆಯ ಅಂಶ ಕರಗಿ ಹೊಸತು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಪರ್ಯಾಯವು ಕ್ಷಣಕ್ಷಣಕ್ಕೂ ಪಲ್ಲಟವಾಗುವುದೆಂಬ ಮಾತಿಗೆ ದೇಹದ ಇಂತಹ ಕಠಿಣವಾದ ಭಾಗವೇ ಸಾಕ್ಷಿ.

ಆದರೆ ಆ ಎಲುಬುಗಳ ಬಂಧನವು ಎಂತಹುದಾಗಬೇಕೆಂಬುದನ್ನು ನಾಮಕರ್ಮದ ‘ಸಂಹನನ’ವೆಂಬ ಪ್ರಕೃತಿಯು ನಿರ್ಣಯಿಸುವುದು. ಅದು ಆರು ವಿಧ. ಎಲುಬು, ಅದರ ವೇಷ್ಟನ ಮತ್ತು ಕೀಲು ಈ ಮೂರೂ ವಜ್ರಸಮಾನವಾಗಿದ್ದರೆ ಅದು ವಜ್ರವೃಷಭನಾರಾಚ. ವರ್ಷಪರ್ಯಂತ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿ ಸ್ವಾಮಿಯದು ಈ ಸಂಹನನ. ಕಟ್ಟಕಡೆಯ ಅಸಂಪ್ರಾಪ್ತಸೃಪಾಟಿಕೆಯಲ್ಲಿ ಎಲುಬುಗಳು ಪರಸ್ಪರ ಬೆಸೆದುಕೊಳ್ಳದೆ ಕೇವಲ ನರ-ಸ್ನಾಯುಗಳಿಂದ ಬಿಗಿಯಲ್ಪಟ್ಟಿರುತ್ತವೆ. ದೇವತೆಗಳ ವೈಕ್ರಿಯಿಕ ಶರೀರದಲ್ಲಿ ಎಲುಬೇ ಇಲ್ಲ, ಸಂಹನನವೂ ಇಲ್ಲ. ಅವರಿಗೆ ಒಂದು ಅಣುವ್ರತವೂ ಲಭ್ಯವಲ್ಲ!

ಈ ಪಂಚಮಕಾಲದ ಮನುಷ್ಯರಿಗೆ ಕೊನೆಯ ಮೂರು ಸಂಹನನಗಳಷ್ಟೇ ಉಂಟೆಂಬುದು ಆಗಮದ ಮಾತು. ಆದುದರಿಂದಲೇ ಷೋಡಶಕಾರಣ ಭಾವನೆಗಳಲ್ಲಿ ಬರಿಯ ತಪವೆನ್ನದೆ ‘ಶಕ್ತಿತಸ್ತಪ’ವೆಂದು ವಿಧಿಸಲಾಗಿದೆ. ದಶಲಕ್ಷಣ ಪರ್ವದಲ್ಲಿ ನೆರೆಮನೆಯವರು ಹತ್ತು ಉಪವಾಸ ಮಾಡಿದರೆಂಬ ಸ್ಪರ್ಧೆಯಿಂದ, ಎಲುಬು ಸವೆದ ವೃದ್ಧ ಶ್ರಾವಿಕೆಯೂ ಹತ್ತಕ್ಕೆ ಸಂಕಲ್ಪಿಸುವುದುಂಟು. ಅಲ್ಲಿ ಕೃಶವಾಗುವುದು ದೇಹ, ಪುಷ್ಟವಾಗುವುದು ಮಾನಕಷಾಯ. ಆಹಾರದಿಂದ ಸಾಕಷ್ಟು ಕ್ಯಾಲ್ಸಿಯಂ ದೊರೆಯದಿದ್ದಾಗ ರಕ್ತವು ಅದನ್ನು ಎಲುಬಿನಿಂದಲೇ ಸೆಳೆದುಕೊಳ್ಳುವುದು. ರಸಪರಿತ್ಯಾಗದಲ್ಲಿ ಹಾಲು-ಮೊಸರುಗಳನ್ನು ದೀರ್ಘಕಾಲ ಬಿಡುವವರೂ ಇದನ್ನು ಅರಿತಿರಬೇಕು. ಬಿದ್ದು ತೊಡೆಯೆಲುಬು ಮುರಿದು ಹಾಸಿಗೆ ಹಿಡಿದವರಿಗೆ ಜಿನದರ್ಶನಕ್ಕೂ ಪರರ ಆಸರೆ ಬೇಕಾಗುತ್ತದೆ, ಷಡಾವಶ್ಯಕಗಳ ಪಾಡೇನು?

ಆಚಾರ್ಯರು ದುರ್ಬಲರಿಗೆ ಬಾಗಿಲು ಮುಚ್ಚಿಲ್ಲ. ವಸುನಂದಿ ಶ್ರಾವಕಾಚಾರದಲ್ಲಿ ಪ್ರೋಷಧವು ಮೂರು ಬಗೆಯಾಗಿ ಹೇಳಲ್ಪಟ್ಟಿದೆ: ಹದಿನಾರು ಯಾಮಗಳ ನಿರಾಹಾರವು ಉತ್ತಮ, ನೀರನ್ನು ಮಾತ್ರ ಸ್ವೀಕರಿಸುವುದು ಮಧ್ಯಮ, ಏಕಭುಕ್ತಾದಿಗಳು ಜಘನ್ಯ. ಜಘನ್ಯವೆಂಬ ಹೆಸರು ಕೇಳಿ ಸಂಕೋಚಪಡುವ ಹಿರಿಯರಿದ್ದಾರೆ. ಅದು ಪ್ರಮಾಣದ ಹೆಸರು, ನಿಂದೆಯಲ್ಲ. ಅಷ್ಟಮಿ, ಚತುರ್ದಶಿಗಳಂದು ಒಪ್ಪೊತ್ತು ಉಂಡು ಆರಂಭವನ್ನು ಬಿಟ್ಟು ಸ್ವಾಧ್ಯಾಯದಲ್ಲಿ ಕುಳಿತವರೂ ಪ್ರೋಷಧವ್ರತಿಗಳೇ.