ಮುಟ್ಟದೆ ಕಾಯುವ ಕರ್ಮ

ಎದೆಯುರಿಗೆಂದೋ ಹೊಟ್ಟೆನೋವಿಗೆಂದೋ ಎಂಡೊಸ್ಕೋಪಿ ಮಾಡಿಸಿಕೊಳ್ಳುವವರಲ್ಲಿ ಎಲ್ಲೋ ಒಬ್ಬರ ಅನ್ನನಾಳದಲ್ಲಿ ಯಾರೂ ಹುಡುಕದಿದ್ದ ಉಬ್ಬೊಂದು ಕಣ್ಣಿಗೆ ಬೀಳುತ್ತದೆ. ಮೇಲಿನ ಲೋಳೆಪೊರೆ ನುಣ್ಣಗಿರುತ್ತದೆ, ಹುಣ್ಣಿಲ್ಲ, ರಕ್ತವಿಲ್ಲ; ಗೋಡೆಯ ಹಿಂದಿನಿಂದ ಬೆರಳಿಟ್ಟು ಒತ್ತಿದಂತೆ ಅಷ್ಟು ಭಾಗ ಮಾತ್ರ ನಾಳದೊಳಕ್ಕೆ ಚಾಚಿಕೊಂಡಿರುತ್ತದೆ. ಬಹುಮಟ್ಟಿಗೆ ಅದು ಲಿಯೋಮಯೋಮ: ತುತ್ತನ್ನು ಕೆಳಕ್ಕೆ ತಳ್ಳುವ ಸ್ನಾಯುವೇ ಒಂದೆಡೆ ಹೆಚ್ಚಾಗಿ ಬೆಳೆದು ಗಂಟುಕಟ್ಟಿದ ಗಡ್ಡೆ. ಅನ್ನನಾಳದಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆಗಳೇ ಅಪರೂಪ, ಕ್ಯಾನ್ಸರ್ ಅವುಗಳಿಗಿಂತ ಹತ್ತಾರು ಪಟ್ಟು ಹೆಚ್ಚು. ಆ ಅಪರೂಪದ ಗಡ್ಡೆಗಳಲ್ಲಿ ಸುಮಾರು ಮೂರನೇ ಎರಡು ಪಾಲು ಈ ಲಿಯೋಮಯೋಮ. 20ರಿಂದ 50 ವರ್ಷದವರಲ್ಲಿ ಹೆಚ್ಚು ಕಾಣುತ್ತದೆ, ನಿಧಾನವಾಗಿ ಬೆಳೆಯುತ್ತದೆ, ಕ್ಯಾನ್ಸರಿಗೆ ತಿರುಗುವುದು ತೀರಾ ವಿರಳ. ಇದನ್ನು ಹೊತ್ತವರಲ್ಲಿ ಅರ್ಧದಷ್ಟು ಮಂದಿಗೆ ಯಾವ ತೊಂದರೆಯೂ ಇರುವುದಿಲ್ಲ. ಹೀಗಿದ್ದರೂ, ಕಂಡದ್ದನ್ನು ಕಾಣದಂತೆ ಮಾಡಲಾಗುವುದಿಲ್ಲ. ಕಂಡ ಮೇಲೆ ಏನಾದರೂ ಮಾಡಲೇಬೇಕೇ? ವೈದ್ಯಶಾಸ್ತ್ರದ ಒಳಗಷ್ಟೇ ಬಗೆಹರಿಯುವ ಪ್ರಶ್ನೆಯಲ್ಲ ಇದು. ಅರಿವು ಕೈಯನ್ನು ಎಷ್ಟರಮಟ್ಟಿಗೆ ಕಟ್ಟುತ್ತದೆ, ಎಷ್ಟರಮಟ್ಟಿಗೆ ಬಿಡುತ್ತದೆ ಎಂಬುದು ಕರ್ಮವಿಚಾರ. ಗೀತೆಯ ನಾಲ್ಕನೆಯ ಅಧ್ಯಾಯ ಕರ್ಮ, ವಿಕರ್ಮ, ಅಕರ್ಮಗಳನ್ನು ಬೇರೆಬೇರೆಯಾಗಿ ತಿಳಿಯಬೇಕೆಂದು ಹೇಳಿ, ಅಕರ್ಮದೊಳಗೆ ಕರ್ಮವನ್ನು ಕಾಣಬಲ್ಲವನೇ ಬುದ್ಧಿವಂತ ಎನ್ನುತ್ತದೆ. ಆ ಮಾತನ್ನು ಒರೆಗೆ ಹಚ್ಚಲು ಈ ಗಂಟಿಗಿಂತ ಸ್ಪಷ್ಟವಾದ ಕಲ್ಲು ಸಿಗುವುದು ಕಷ್ಟ.

ನನ್ನ ವಾದ ಇಷ್ಟು: ಇಂಥ ಗಡ್ಡೆಯನ್ನು ಮುಟ್ಟದೆ ಬಿಡುವುದು ಧರ್ಮವಾಗಬಲ್ಲದು, ಆದರೆ ಆ ಬಿಡುವಿಕೆಯೇ ನಿಶ್ಚಯಪೂರ್ವಕವಾದ ಒಂದು ಕೆಲಸವಾಗಿದ್ದಾಗ ಮಾತ್ರ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 17ನೆಯ ಅಧ್ಯಾಯ ಬಾವಿನ ಮೂರು ಅವಸ್ಥೆಗಳನ್ನು ವಿವರಿಸುತ್ತದೆ: ಹಸಿ, ಹಣ್ಣಾಗುತ್ತಿರುವುದು, ಹಣ್ಣಾದದ್ದು. ಹಸಿಯಾದದ್ದನ್ನು ಅರಿಯದೆ ಕೊಯ್ಯುವವನನ್ನೂ ಹಣ್ಣಾದದ್ದನ್ನು ಉಪೇಕ್ಷಿಸುವವನನ್ನೂ ಗ್ರಂಥ ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದೇ ಕಟುವಾದ ಮಾತಿನಲ್ಲಿ ಬೈಯುತ್ತದೆ. ಅದಕ್ಕೆ ಕೊಡುವ ಕಾರಣ, ಇಬ್ಬರೂ ನಿಶ್ಚಯವಿಲ್ಲದೆ ನಡೆದುಕೊಂಡವರು ಎಂಬುದು. ಸುಶ್ರುತ ಅಲ್ಲಿ ಮಾತಾಡುತ್ತಿರುವುದು ಕೀವು ತುಂಬುವ ಬಾವಿನ ಬಗ್ಗೆ, ಲಿಯೋಮಯೋಮದ ಬಗ್ಗೆ ಅಲ್ಲ. ಎಲ್ಲವೂ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂದು ಸಾಧಿಸಹೊರಟರೆ ಆ ಗ್ರಂಥಕ್ಕೇ ಅಗೌರವ. ನಾನು ಅಲ್ಲಿಂದ ಎತ್ತಿಕೊಳ್ಳುವುದು ತಪ್ಪನ್ನು ತೂಗಿದ ರೀತಿಯನ್ನು ಮಾತ್ರ. ಮಾಡಿದವನು ದಡ್ಡ, ಮಾಡದವನು ಸುರಕ್ಷಿತ ಎಂಬ ಲೆಕ್ಕ ಅಲ್ಲಿಲ್ಲ. ಮಾಡಿದವನು ಧೀರ, ಮಾಡದವನು ಹೇಡಿ ಎಂಬುದೂ ಇಲ್ಲ. ತೂಕವೆಲ್ಲ ನಿಶ್ಚಯದ ಮೇಲೆ ಬೀಳುತ್ತದೆ.

ಹಾಗಾದರೆ ನಿಶ್ಚಯ ಎಲ್ಲಿಂದ ಬರಬೇಕು? ಒಂದು ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳುಹಿಸಿದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಅದೇ ತೊಡಕು. ಗಡ್ಡೆ ಇರುವುದು ಲೋಳೆಪೊರೆಯ ಕೆಳಗೆ, ಸ್ನಾಯುಪದರದಲ್ಲಿ. ಎಂಡೊಸ್ಕೋಪಿನ ಸಾಮಾನ್ಯ ಚಿಮುಟ ಕಿತ್ತುಕೊಳ್ಳುವುದು ಮೇಲಿನ ಪೊರೆಯನ್ನಷ್ಟೆ. ಉತ್ತರ ಸಿಗುವುದಿಲ್ಲ, ಗಾಯ ಮಾತ್ರ ಉಳಿಯುತ್ತದೆ. ಆ ಗಾಯ ಮಾಯುವಾಗ ಪೊರೆ ಗಡ್ಡೆಗೆ ಅಂಟಿಕೊಳ್ಳುತ್ತದೆ. ಮುಂದೊಂದು ದಿನ ಗಡ್ಡೆಯನ್ನು ತೆಗೆಯಲೇಬೇಕಾದರೆ, ಪೊರೆ ಹರಿಯದಂತೆ ಅದನ್ನು ಬಿಡಿಸಿ ತೆಗೆಯುವುದು ಆ ಅಂಟಿನಿಂದಲೇ ಕಷ್ಟವಾಗುತ್ತದೆ. ಆದ್ದರಿಂದಲೇ ಲಿಯೋಮಯೋಮದ ಅನುಮಾನವಿದ್ದಲ್ಲಿ ಇಂಥ ಬಯಾಪ್ಸಿ ಬೇಡ ಎನ್ನುತ್ತಾರೆ ಶಸ್ತ್ರವೈದ್ಯರು. ಇದು ಎಲ್ಲ ಗಡ್ಡೆಗೂ ಹೊಂದುವ ಮಾತಲ್ಲ. ಅನ್ನನಾಳದ ಇನ್ನೊಂದು ಸೌಮ್ಯ ಗಡ್ಡೆಯಾದ ಗ್ರ್ಯಾನ್ಯುಲರ್ ಸೆಲ್ ಗಡ್ಡೆ ಲೋಳೆಪೊರೆಯ ಹತ್ತಿರವೇ ಇರುವುದರಿಂದ ಬಯಾಪ್ಸಿಗೆ ಸಿಗುತ್ತದೆ. ಆದರೂ ಇಲ್ಲೊಂದು ಆಳವಾದ ಸಂಗತಿಯಿದೆ. ತಿಳಿಯುವುದು ಯಾವಾಗಲೂ ನಿರಪಾಯ, ಅಪಾಯವಿರುವುದು ಮಾಡುವುದರಲ್ಲಿ ಎಂದುಕೊಂಡಿರುತ್ತೇವೆ. ತಿಳಿಯಲು ಚಾಚಿದ ಕೈಯೂ ಕೈಯೇ. ಜ್ಞಾನದ ಹಂಬಲವೂ ಹಿಂಸೆಯ ಲೆಕ್ಕಕ್ಕೆ ಒಳಪಡಬೇಕು.

ಬಯಾಪ್ಸಿಯಿಲ್ಲದೆ ಉಳಿಯುವುದು ಅನುಮಾನ ಪ್ರಮಾಣ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ಊಹಿಸುವುದು. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ನಯವಾದ ಅಂಚಿನ ಅರ್ಧಚಂದ್ರಾಕಾರದ ತಗ್ಗು ಕಾಣುತ್ತದೆ. ಎಂಡೊಸ್ಕೋಪಿನ ತುದಿಗೆ ಅಲ್ಟ್ರಾಸೌಂಡ್ ಜೋಡಿಸಿ ನೋಡಿದರೆ ಅನ್ನನಾಳದ ಗೋಡೆ ಪದರಪದರವಾಗಿ ಬಿಚ್ಚಿಕೊಳ್ಳುತ್ತದೆ. ಗಡ್ಡೆ ನಾಲ್ಕನೆಯ ಪದರದಲ್ಲಿದ್ದು, ಎಲ್ಲೆಡೆ ಒಂದೇ ಸಮನಾಗಿ ಕಪ್ಪಗಿದ್ದು, ಅಂಚು ಸ್ಪಷ್ಟವಾಗಿದ್ದರೆ ಲಿಯೋಮಯೋಮ ಎನ್ನಬಹುದು. ಎನ್ನಬಹುದು, ಅಷ್ಟೆ. ನ್ಯಾಯದರ್ಶನದವರು ಈ ಅಂತರವನ್ನು ಚೆನ್ನಾಗಿ ಬಲ್ಲರು. ಹೊಗೆಯಿದ್ದಲ್ಲಿ ಬೆಂಕಿಯಿದೆ, ಈ ವ್ಯಾಪ್ತಿ, ಅಂದರೆ ತಪ್ಪದ ಸಂಬಂಧ, ಗಟ್ಟಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು, ಕಾದ ಕಬ್ಬಿಣದಲ್ಲಿ ಹೊಗೆಯಿಲ್ಲ; ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕೆಂಬ ಉಪಾಧಿ ಉಂಟು. ನಾಲ್ಕನೆಯ ಪದರದ ಕಪ್ಪು ಗಂಟು ಎರಡನೆಯ ಜಾತಿಗೆ ಸೇರಿದ್ದು. ಜಿಸ್ಟ್ ಎಂಬ ಇನ್ನೊಂದು ಗಡ್ಡೆಯೂ ಅದೇ ಪದರದಲ್ಲಿ ಅದೇ ಬಣ್ಣದಲ್ಲಿ ಕುಳಿತಿರಬಹುದು. ಜಠರದಲ್ಲಿ ಸಾಮಾನ್ಯವಾದ ಅದು ಅನ್ನನಾಳದಲ್ಲಿ ಅಪರೂಪವೇ ಸರಿ, ಆದರೆ ಹರಡುವ ಸ್ವಭಾವದ್ದು. ಎರಡನ್ನೂ ಖಚಿತವಾಗಿ ಬೇರ್ಪಡಿಸುವುದು ಜೀವಕೋಶಗಳಲ್ಲಿನ ಪ್ರೋಟೀನಿನ ಪರೀಕ್ಷೆ: ಲಿಯೋಮಯೋಮದಲ್ಲಿ ಡೆಸ್ಮಿನ್ ಇರುತ್ತದೆ, ಜಿಸ್ಟ್‌ನಲ್ಲಿ ಸಾಮಾನ್ಯವಾಗಿ ಸಿಡಿ117. ಹಾಗಾಗಿ ಗಡ್ಡೆ ದೊಡ್ಡದಿದ್ದರೆ, ಅಂಚು ಒರಟಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ ಅನುಮಾನವನ್ನು ಅಲ್ಲಿಗೇ ನಿಲ್ಲಿಸುವಂತಿಲ್ಲ. ಅಲ್ಟ್ರಾಸೌಂಡಿನ ಕಣ್ಣಳತೆಯಲ್ಲಿ ಸೂಜಿ ಚುಚ್ಚಿ ಕೋಶ ತೆಗೆಯಬೇಕಾಗುತ್ತದೆ, ಇಲ್ಲವೇ ಗಡ್ಡೆಯನ್ನೇ ತೆಗೆಯಬೇಕಾಗುತ್ತದೆ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ನಿರುಪದ್ರವಿ ಎಂಬ ಹೆಸರೇ ನಂಬಿಕೆಗೆ ಅರ್ಹವಲ್ಲವಾದರೆ ಕಾಯುವುದಕ್ಕೆ ಆಧಾರವೇನು? ಆಕ್ಷೇಪದ ಪರವಾಗಿ ಚರಿತ್ರೆಯೇ ಸಾಕ್ಷಿ ಹೇಳುತ್ತದೆ. ಗ್ರ್ಯಾನ್ಯುಲರ್ ಸೆಲ್ ಗಡ್ಡೆಯನ್ನು 1926ರಲ್ಲಿ ವಿವರಿಸಿದ ಅಬ್ರಿಕೊಸಾಫ್ ಅದು ಸ್ನಾಯುವಿನಿಂದ ಹುಟ್ಟಿದ್ದೆಂದು ಭಾವಿಸಿದ್ದರು. ನರಗಳನ್ನು ಸುತ್ತುವ ಶ್ವಾನ್ ಕೋಶಗಳಿಗೆ ಸೇರಿದ್ದೆಂದು ಗೊತ್ತಾದದ್ದು ಆಮೇಲೆ. ಅದಕ್ಕಿಂತ ಕಳವಳದ ಉದಾಹರಣೆ ಫೈಬ್ರೊವ್ಯಾಸ್ಕುಲರ್ ಪಾಲಿಪ್. ಅನ್ನನಾಳದ ಮೇಲ್ತುದಿಯಲ್ಲಿ ತೊಟ್ಟಿನಿಂದ ಜೋತಾಡುವ ಉದ್ದನೆಯ ಗಡ್ಡೆಯಿದು. ವಾಂತಿಯಾದಾಗ ಬಾಯಿಗೇ ಬಂದು ಉಸಿರುಕಟ್ಟಿಸಿ ಕೊಂದದ್ದೂ ಉಂಟು. ದಶಕಗಳ ಕಾಲ ಇದು ಸೌಮ್ಯ ಗಡ್ಡೆಗಳ ಪಟ್ಟಿಯಲ್ಲೇ ಇತ್ತು. ಎಂಡಿಎಂ2 ಎಂಬ ಜೀನನ್ನು ಪರೀಕ್ಷಿಸಿ ಹಳೆಯ ಮಾದರಿಗಳನ್ನು ಮತ್ತೆ ನೋಡಿದಾಗ, ದೈತ್ಯಾಕಾರದ ಪಾಲಿಪ್‌ಗಳಲ್ಲಿ ಹಲವು ನಿಜಕ್ಕೂ ಲೈಪೊಸಾರ್ಕೋಮ, ಅಂದರೆ ಕೊಬ್ಬಿನ ಕ್ಯಾನ್ಸರ್, ಎಂದು ಕಂಡುಬಂತು. ಈ ಸಾಕ್ಷ್ಯವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಇದರಿಂದ ಎಲ್ಲವನ್ನೂ ಕೊಯ್ಯಿರಿ ಎಂಬ ತೀರ್ಮಾನ ಹುಟ್ಟುವುದಿಲ್ಲ. ನಿಶ್ಚಯವೆಂದರೆ ಎಂದೂ ಅಲುಗದ ಜ್ಞಾನ ಎಂದುಕೊಂಡರೆ ಮಾತ್ರ ಆ ತೀರ್ಮಾನ. ಸುಶ್ರುತನ ವೈದ್ಯನ ಬಳಿ ಇದ್ದದ್ದು ಬಣ್ಣ, ಬಿಸಿ, ನೋವು, ಬೆರಳಿಗೆ ಸಿಗುವ ಮೃದುತ್ವ ಇಷ್ಟೇ. ಅವನ್ನು ಪೂರ್ತಿಯಾಗಿ ನೋಡಿದ ಮೇಲೆ ತೆಗೆದುಕೊಂಡ ನಿರ್ಧಾರವನ್ನೇ ಅವನು ನಿಶ್ಚಯವೆಂದ. ನೋಡಬಹುದಾದದ್ದನ್ನೆಲ್ಲ ನೋಡಿ, ನಿರ್ಧಾರವನ್ನು ಬದಲಿಸುವಂಥ ಲಕ್ಷಣ ಯಾವುದೆಂದು ಮೊದಲೇ ಗುರುತು ಹಾಕಿಕೊಳ್ಳುವುದೇ ನಿಶ್ಚಯ. ಇಂದಿನ ಅಳತೆ, ಮುಂದಿನ ತಾರೀಕು, ಎಷ್ಟು ಬೆಳೆದರೆ ಮುಟ್ಟಬೇಕೆಂಬ ಗೆರೆ, ಇವು ಮೂರೂ ಬರಹದಲ್ಲಿ ಇಲ್ಲದ ಕಾಯುವಿಕೆಗೆ ಹೆಸರು ಉಪೇಕ್ಷೆ.

ಕೊಯ್ಯುವುದರ ಬೆಲೆಯನ್ನೂ ಹೇಳಬೇಕು. 1933ರಲ್ಲಿ ಜಪಾನಿನ ಒಸಾವಾ ಎದೆ ತೆರೆದು ಇಂಥ ಗಡ್ಡೆಯನ್ನು ಬಿಡಿಸಿ ತೆಗೆದಂದಿನಿಂದ ದಾರಿಗಳು ಹಗುರಾಗುತ್ತ ಬಂದಿವೆ. ಈಗ ಪಕ್ಕೆಯ ಸಣ್ಣ ರಂಧ್ರಗಳಿಂದ ದುರ್ಬೀನು ತೂರಿಸಿ ಮಾಡುತ್ತಾರೆ. 2012ರಿಂದೀಚೆಗೆ, ಬಾಯಿಯ ಮೂಲಕವೇ ಹೋಗಿ ಲೋಳೆಪೊರೆಯಡಿ ಸುರಂಗ ಕೊರೆದು ತೆಗೆಯುವ ವಿಧಾನವೂ ಇದೆ. ನುಂಗಲು ಕಷ್ಟವಾಗುತ್ತಿರುವವರಿಗೆ, ಗಡ್ಡೆ ಸುಮಾರು 5 ಸೆಂಟಿಮೀಟರ್ ದಾಟಿದವರಿಗೆ ಇಂಥ ಶಸ್ತ್ರಚಿಕಿತ್ಸೆ ವರದಾನ. ಹಣ್ಣಾದದ್ದನ್ನು ಅಲ್ಲಿ ಬಿಡುವುದೇ ತಪ್ಪು. ಆದರೆ ಅನ್ನನಾಳಕ್ಕೆ ಕರುಳಿಗಿರುವಂಥ ಹೊರಪೊರೆಯ ಕವಚವಿಲ್ಲ. ಗೋಡೆ ತೂತಾದರೆ ಎಂಜಲು ಹೃದಯದ ಸುತ್ತಲಿನ ಜಾಗಕ್ಕೇ ಸೋರುತ್ತದೆ, ಆ ಸೋಂಕು ಪ್ರಾಣಕ್ಕೆ ಎರವಾಗಬಲ್ಲದು. ತೊಂದರೆ ಕೊಡದ 1 ಸೆಂಟಿಮೀಟರಿನ ಗಂಟಿಗಾಗಿ ಈ ಅಪಾಯ ಹೊರುವುದು ಹಸಿ ಬಾವನ್ನು ಕೊಯ್ದಂತೆಯೇ.

ಹೆದರಿಕೆಯ ಮಾತು ಇನ್ನೂ ಉಳಿದಿದೆ. ಎದೆಯೊಳಗೆ ಗಡ್ಡೆಯಿದೆ ಎಂದು ತಿಳಿದ ಮೇಲೆ ಪ್ರತಿ ತುತ್ತಿಗೂ ಅದೇ ನೆನಪಾಗುವುದಾದರೆ ಆ ನೋವು ನೋವಲ್ಲವೇ, ಅದಕ್ಕಾಗಿ ಕೊಯ್ಯಬಾರದೇ? ನೋವು ಹೌದು, ಅದನ್ನು ಹಗುರಮಾಡಿ ಮಾತಾಡುವವರನ್ನು ನಾನು ಒಪ್ಪಲಾರೆ. ಆದರೆ ಭಯದ ಮದ್ದು ಮೊದಲು ಮಾತಿನಲ್ಲಿ ಸಿಗಬೇಕು: ರೋಗಿಗೆ ಅವನ ಭಾಷೆಯಲ್ಲಿ, ಇದು ಕ್ಯಾನ್ಸರ್ ಅಲ್ಲವೆಂದು ಏಕೆ ಅಂದುಕೊಂಡಿದ್ದೇವೆ, ಎಷ್ಟು ಖಚಿತ, ಏನಾದರೆ ಮತ್ತೆ ಯೋಚಿಸುತ್ತೇವೆ ಎಂದು ಬಿಡಿಸಿ ಹೇಳುವುದು. ಅಷ್ಟಾದ ಮೇಲೂ ತೆಗೆಸಿಬಿಡುತ್ತೇನೆ ಎಂದರೆ ದೇಹ ಅವನದು, ನಿರ್ಧಾರವೂ ಅವನದು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ದೂರದ್ದು. ಅಲ್ಟ್ರಾಸೌಂಡ್ ಜೋಡಿಸಿದ ಎಂಡೊಸ್ಕೋಪ್ ಇರುವುದು ದೊಡ್ಡ ಊರುಗಳಲ್ಲಿ. ಕೂಲಿ ಬಿಟ್ಟು, ರಾತ್ರಿ ಬಸ್ಸು ಹತ್ತಿ, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರಬೇಕಾದವರು ಮೊದಲನೆಯ ಸಲ ಬರುತ್ತಾರೆ, ಎರಡನೆಯ ಸಲಕ್ಕೆ ತಪ್ಪುತ್ತಾರೆ. ಅಂಥವರಿಗೆ ಕಾಯೋಣ ಎಂದು ಹೇಳಿ ಕಳುಹಿಸಿದರೆ ಕಾಯುವವರು ಯಾರೂ ಇರುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲೇ ಇರುವವರ 3 ಸೆಂಟಿಮೀಟರಿನ ಗಡ್ಡೆಯನ್ನು ಬಿಟ್ಟು ನೋಡುತ್ತಿರುವುದೂ, ಅಷ್ಟೇ ಅಳತೆಯ ಗಡ್ಡೆಯೊಂದಿಗೆ ಗಡಿಹಳ್ಳಿಯಿಂದ ಬಂದವರನ್ನು ಕೂರಿಸಿಕೊಂಡು ಈಗಲೇ ತೆಗೆಯೋಣವೇ ಎಂದು ಕೇಳುವುದೂ, ಎರಡೂ ಸರಿಯಾಗಿರಬಹುದು. ಆ ಎರಡನೆಯವರನ್ನು, ಮುಂದಿನ ವರ್ಷ ಬರಲು ನಿಮಗೆ ಆಗುತ್ತದೆಯೇ ಎಂದು ಕೇಳದೆ ತೆಗೆದುಕೊಂಡ ನಿರ್ಧಾರ, ಸ್ಕ್ಯಾನ್ ಎಷ್ಟೇ ಸ್ಪಷ್ಟವಾಗಿದ್ದರೂ, ನಿಶ್ಚಯವಿಲ್ಲದೆ ಮಾಡಿದ್ದೇ.