ಒಂದೇ ಕೋಣೆಯ ಲೆಕ್ಕ

ಕೋಲ್ಕತ್ತದ ಕಾಳಿಘಾಟ್‌ನ ಒಂದೇ ಕೋಣೆಯ ಮನೆಗಳಲ್ಲಿ ಮಂಚದ ಕಾಲಿಗೆ ಇಟ್ಟಿಗೆ ಪೇರಿಸುತ್ತಾರೆ. ಒಂದೊಂದು ಕಾಲಿಗೆ ಮೂರೋ ನಾಲ್ಕೋ ಇಟ್ಟಿಗೆ ಬಿದ್ದರೆ ಕೋಣೆಯೊಳಗೇ ಇನ್ನೊಂದು ಕೋಣೆ ಹುಟ್ಟುತ್ತದೆ. ಕೆಳಗೆ ಅಕ್ಕಿ ಡಬ್ಬ, ಟ್ರಂಕು, ಪಾತ್ರೆಪಗಡೆ. ರಾತ್ರಿ ಹುಡುಗರ ಹಾಸಿಗೆಯೂ ಅಲ್ಲೇ. ಪಕ್ಕದ ಆದಿಗಂಗೆ ಉಬ್ಬರಕ್ಕೆ ಉಕ್ಕಿ ಗಲ್ಲಿಗೆ ನುಗ್ಗಿದರೆ ಸಂಸಾರವೆಲ್ಲ ಮಂಚ ಹತ್ತುತ್ತದೆ.

ಇಂಥ ಜಾಣತನವೇ ಈಗ ‘ಟೈನಿ ಹೋಮ್’ ಆಗಿ ಮೊಬೈಲಿನಲ್ಲಿ ಮಿಂಚುತ್ತಿದೆ: ಮೆಟ್ಟಿಲೊಳಗೆ ಕಪಾಟು, ಮಡಚಿಟ್ಟರೆ ಮಾಯವಾಗುವ ಮೇಜು. ನನಗೂ ಅದರ ಮೋಹ ಇದೆ. ಸಾಲ ಕಡಿಮೆ, ಕರೆಂಟ್ ಬಿಲ್ ಕಡಿಮೆ, ಕಾಫಿ ಆರುವುದರೊಳಗೆ ಕಸ ಗುಡಿಸಿ ಮುಗಿಯುತ್ತದೆ. ಬೇಡದ್ದನ್ನು ಕೊಂಡು ತಂದರೆ ಇಡಲು ಜಾಗವೇ ಇಲ್ಲವೆಂದ ಮೇಲೆ ಕೊಳ್ಳುವ ಚಪಲಕ್ಕೂ ಕಡಿವಾಣ. ಬೆಂಗಳೂರಿನಲ್ಲಿ 20×30 ಸೈಟಿನ ಮೇಲೆ ಮೂರಂತಸ್ತು ಎಬ್ಬಿಸಿ, ಅರ್ಧ ಆಯುಷ್ಯ ಕಂತು ಕಟ್ಟುವವರಿಗೆ ಇದು ಸಣ್ಣ ಲಾಭವಲ್ಲ.

ಇಕ್ಕಟ್ಟಿನಲ್ಲಿ ದೊಡ್ಡ ಕೆಲಸ ಆಗುವುದಿಲ್ಲ ಎನ್ನುವವರು ಕಾಳಿಘಾಟ್‌ನ ಹತ್ತೊಂಬತ್ತನೇ ಶತಮಾನದ ಪಟುವಾ ಚಿತ್ರಕಾರರನ್ನು ನೆನೆಯಬೇಕು. 1809ರಲ್ಲಿ ಈಗಿನ ಕಾಳಿ ಗುಡಿ ಎದ್ದ ಮೇಲೆ ಸುತ್ತಲಿನ ಗುಡಿಸಲುಗಳಲ್ಲಿ ಮನೆಮಂದಿಯೆಲ್ಲ ಕೂತು, ಅಗ್ಗದ ಗಿರಣಿ ಕಾಗದದ ಮೇಲೆ ಚಿತ್ರ ಬರೆದು ಯಾತ್ರಿಕರಿಗೆ ಮಾರುತ್ತಿದ್ದರು. ದೇವರಷ್ಟೇ ಅಲ್ಲ, ಶೋಕಿಲಾಲ ಬಾಬುಗಳನ್ನೂ, ಮೀನು ಕಚ್ಚಿದ ಕಳ್ಳ ಬೆಕ್ಕನ್ನೂ ಬಿಡಲಿಲ್ಲ. ಆ ಚಿತ್ರಗಳಲ್ಲಿ ಹಲವು ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿವೆ.

ಆದರೆ ಸಣ್ಣ ಮನೆಯ ಗುಟ್ಟು ಮನೆಯೊಳಗಿಲ್ಲ. ಕಾಳಿಘಾಟ್‌ನಲ್ಲಿ ಸ್ನಾನ ಬೀದಿ ನಲ್ಲಿಯಲ್ಲಿ, ಹರಟೆ ಜಗಲಿಯಲ್ಲಿ, ಮದುವೆಯ ಪಂಗತಿ ಗಲ್ಲಿಯ ಶಾಮಿಯಾನದಡಿ. ನಮ್ಮ ಹಳೆಯ ವಠಾರಗಳೂ ಹೀಗೇ ನಡೆದವು. ಹೊರಗಿನ ಊರು ಎಷ್ಟು ಕೊಡುತ್ತದೆಯೋ ಅಷ್ಟರ ಮಟ್ಟಿಗೆ ಮನೆ ಚಿಕ್ಕದಾಗಿದ್ದರೂ ನಡೆದೀತು. ಆದರೆ ಊರು ಎಲ್ಲರಿಗೂ ಸಮನಾಗಿ ಕೊಡುವುದಿಲ್ಲ: ಗಂಡಸು ಲುಂಗಿ ಉಟ್ಟು ನಲ್ಲಿಯಡಿ ಕೂತು ತಲೆಗೆ ನೀರು ಹೊಯ್ದುಕೊಳ್ಳುತ್ತಾನೆ. ಮನೆಯ ಹೆಂಗಸು ಮಾತ್ರ ಬೀದಿ ಎಚ್ಚರಾಗುವ ಮೊದಲೇ ಎದ್ದು ಮೈ ತೊಳೆದುಕೊಳ್ಳಬೇಕು. ಸರಳ ಬದುಕನ್ನು ಹೊಗಳುವವರು ಈ ಲೆಕ್ಕವನ್ನು ಬರೆಯುವುದೇ ಇಲ್ಲ.

ಗುಡಿಯ ಮಗ್ಗುಲಲ್ಲೇ ಮದರ್ ತೆರೇಸಾ 1952ರಲ್ಲಿ ಆರಂಭಿಸಿದ ನಿರ್ಮಲ್ ಹೃದಯ್ ಇದೆ. ಮೊದಲು ಅದು ಯಾತ್ರಿಕರ ಛತ್ರ. ಅಲ್ಲಿ ಸಾಯುವವರ ಆರೈಕೆ ಮಾಡುವ ಸಿಸ್ಟರುಗಳ ಆಸ್ತಿ ಮೂರು ಸೀರೆ, ಒಂದು ಬಕೆಟ್ಟು. ಬೇಕೆಂದೇ ಬಿಟ್ಟವರು ಅವರು. ನಾಲ್ಕು ಹೆಜ್ಜೆ ಆಚೆ ಒಂದೇ ಕೋಣೆಯಲ್ಲಿ ಆರು ಜನ ಇದ್ದರೆ, ಅವರನ್ನು ಬೇಕೇ ಎಂದು ಯಾರೂ ಕೇಳಿಲ್ಲ. ಕಾಲಡಿಯ ನೆಲವೂ ಅವರದಲ್ಲ: ಕೋಲ್ಕತ್ತದ ಬಸ್ತಿ ಎಂಬ ಕೊಳೆಗೇರಿಗಳಲ್ಲಿ ಬಹುಕಾಲ ನೆಲ ಒಬ್ಬರದು, ಅದರ ಮೇಲಿನ ಗುಡಿಸಲು ಇನ್ನೊಬ್ಬರದು, ಬಾಡಿಗೆಗಿದ್ದವರು ಮತ್ತೊಬ್ಬರು. ಇಂಥ ನೆಲವನ್ನು ಸರ್ಕಾರಕ್ಕೆ ಸೇರಿಸುವ ಠಿಕಾ ಗೇಣಿ ಕಾನೂನು ಬಂದದ್ದು 1981ರಲ್ಲಿ.

ಸರ್ಕಾರಕ್ಕೂ ಸಣ್ಣ ಮನೆಯ ಲೆಕ್ಕವೊಂದಿದೆ: 2015ರ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರದ ಬಡವರ ಮನೆಗೆ 30 ಚದರ ಮೀಟರಿನ ಮಿತಿ ಹಾಕಿತು. ಅಳತೆಯ ಬಗ್ಗೆ ನನ್ನ ತಕರಾರಿಲ್ಲ. ಅಚ್ಚುಕಟ್ಟಾಗಿ ಕಟ್ಟಿದರೆ ಸಂಸಾರ ಸಾಗೀತು. ಚಿಲಕವಿರುವ ಬಚ್ಚಲು, ನೀರು ನುಗ್ಗದ ಹೊಸ್ತಿಲು, ನಡೆದೇ ಹೋಗುವಷ್ಟು ದೂರದಲ್ಲಿ ಕೆಲಸ ಇವೆಯೇ ಎಂದಷ್ಟೇ ಕೇಳುತ್ತೇನೆ. ಊರಾಚೆ ಎಲ್ಲೋ ಬಸ್ಸೂ ಹೋಗದ ಕಡೆ ಅದೇ ಮನೆ ಕಟ್ಟಿ ಕೀಲಿಕೈ ಕೊಟ್ಟರೆ, ಜನ ಅದಕ್ಕೆ ಬೀಗ ಹಾಕಿ ಇಟ್ಟಿಗೆಯ ಮಂಚಕ್ಕೇ ಮರಳಿದರೆ, ಅವರನ್ನು ದೂರಲು ನನಗಂತೂ ಬಾಯಿ ಬಾರದು.